ಮಂಗನದಲ್ಲದ ಮಂಗನ ಕಾಯಿಲೆ

ಮಲೆನಾಡಿನಲ್ಲಿ ಊರಂಚಿನ ಕಾಡಿನಲ್ಲಿ ಮಂಗವೊಂದು ಸತ್ತು ಬಿದ್ದರೆ ಅದು ಸಣ್ಣ ಸುದ್ದಿಯಲ್ಲ. ಮಂಗನಲ್ಲಿ ಆಂಜನೇಯನನ್ನು ಕಾಣುವ ಹಿರಿಯರು ಅದಕ್ಕೆ ಹೂವು, ಕುಂಕುಮ ಏರಿಸಿ ಮಣ್ಣು ಮಾಡುವುದುಂಟು. ಆರೋಗ್ಯ ಇಲಾಖೆಯವರು ಹೇಳುವುದೇ ಬೇರೆ: 'ಮುಟ್ಟಬೇಡಿ, ಹತ್ತಿರ ಸುಳಿಯಬೇಡಿ, ಮೊದಲು ನಮಗೆ ತಿಳಿಸಿ.' ಚಳಿ ಕಳೆದು ಬಿಸಿಲು ಏರತೊಡಗಿದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನ ಹಳ್ಳಿಗಳಲ್ಲಿ ಈ ಮಾತು ಮತ್ತೆ ಕಿವಿಗೆ ಬೀಳುತ್ತದೆ.

ಇದಕ್ಕೆ ಕಾರಣ ಮಂಗನ ಕಾಯಿಲೆ. ವೈದ್ಯರು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಚಿಕ್ಕದಾಗಿ ಕೆಎಫ್‌ಡಿ ಎನ್ನುತ್ತಾರೆ. ಕರ್ನಾಟಕದ ಒಂದು ಪುಟ್ಟ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳನ್ನು ಸೇರಿದ್ದು ಈ ರೋಗದ ಮೂಲಕ. ಆದರೆ ಜನರ ಬಾಯಲ್ಲಿ ನಿಂತ ಹೆಸರು ಮಾತ್ರ ತಪ್ಪು ದಾರಿ ತೋರಿಸುತ್ತದೆ. ಈ ಕಾಯಿಲೆ ಹುಟ್ಟುವುದು ಮಂಗನಿಂದಲ್ಲ. ಮಂಗ ಅದನ್ನು ಮನುಷ್ಯನಿಗೆ ನೇರವಾಗಿ ಅಂಟಿಸುವುದೂ ಇಲ್ಲ. ಮನುಷ್ಯನಿಗಿಂತ ಮೊದಲು ಅದಕ್ಕೆ ಬಲಿಯಾಗಿ, ಅಪಾಯ ಹತ್ತಿರವಿದೆ ಎಂದು ತಿಳಿಸುವ ಪ್ರಾಣಿ ಅದು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಜೀವ ಉಳಿಯಬಹುದು.

1957ರ ಬೇಸಿಗೆ

1957ರ ಮಾರ್ಚ್ ತಿಂಗಳಿನಲ್ಲಿ ಅಂದಿನ ಮೈಸೂರು ರಾಜ್ಯದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸಾಯುತ್ತಿವೆ ಎಂಬ ಸುದ್ದಿ ಹೊರಬಿತ್ತು. ಕಪ್ಪು ಮೋರೆಯ, ಉದ್ದ ಬಾಲದ ಮುಸಿಯಗಳು ಸಾಯುತ್ತಿದ್ದವು. ಊರೊಳಗೆ ಓಡಾಡುವ ಸಾಮಾನ್ಯ ಕೋತಿಗಳೂ ಸಾಯುತ್ತಿದ್ದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಕಾಡಿಗೆ ಹೋಗಿ ಬಂದವರು ಬಲವಾದ ಜ್ವರ ಬಂದು ಮಲಗುತ್ತಿದ್ದರು. ಕೆಲವರು ಮತ್ತೆ ಏಳಲಿಲ್ಲ.

ಸುದ್ದಿ ಪುಣೆಗೆ ತಲುಪಿದಾಗ ಅಲ್ಲಿನ ವಿಜ್ಞಾನಿಗಳಿಗೆ ಮೊದಲು ಹುಟ್ಟಿದ್ದು ಹಳದಿ ಜ್ವರದ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಕಾಣಿಸಿಕೊಂಡಾಗ ಮೊದಲು ಮಂಗಗಳು ಸಾಯುತ್ತವೆ, ಆಮೇಲೆ ಮನುಷ್ಯರು. ಏಷ್ಯಾದಲ್ಲಿ ಆ ರೋಗ ಅದುವರೆಗೆ ಕಂಡಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಭಾರತದ ಊರೂರಲ್ಲಿತ್ತು. ಅದು ನಿಜವಾಗಿ ಹಳದಿ ಜ್ವರವೇ ಆಗಿದ್ದರೆ ಇಡೀ ದೇಶಕ್ಕೆ ಗಂಡಾಂತರ ಕಾದಿತ್ತು.

ಪುಣೆಯ ವೈರಸ್ ಸಂಶೋಧನಾ ಕೇಂದ್ರ ಆಗ ಐದು ವರ್ಷದ ಕೂಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಅದನ್ನು ಆರಂಭಿಸಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದರ ಮುಂದುವರಿಕೆ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ತನಿಖೆಗೆ ಇಳಿದರು. ಸತ್ತ ಮಂಗಗಳ ದೇಹದಿಂದ ವೈರಸ್ ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. ದೊಡ್ಡ ಭಯವೊಂದು ಕಳೆಯಿತು. ಹೊಸ ಒಗಟು ಎದುರಾಯಿತು. ಆ ವೈರಸ್ ಹೋಲುತ್ತಿದ್ದುದು ಸಾವಿರಾರು ಮೈಲಿ ದೂರದ ರಷ್ಯಾದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ಇನ್ನೊಂದು ವೈರಸ್ಸನ್ನು. ಹಿಮ ಬೀಳುವ ಸೈಬೀರಿಯಾಕ್ಕೂ ಅಡಿಕೆ ಬೆಳೆಯುವ ಸೊರಬಕ್ಕೂ ಎಲ್ಲಿಯ ಸಂಬಂಧ?

ಹಕ್ಕಿಗಳ ಮೇಲೆ ಅನುಮಾನ

ಮೊದಲ ಅನುಮಾನ ಬಿದ್ದದ್ದು ವಲಸೆ ಹಕ್ಕಿಗಳ ಮೇಲೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳು ಮೈಯಲ್ಲಿ ರೋಗದ ಹುಳುಗಳನ್ನು ಹೊತ್ತು ತಂದಿರಬಹುದೆ ಎಂದು ವಿಜ್ಞಾನಿಗಳು ಯೋಚಿಸಿದರು. ಇದನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಂಡಿತು. ಅದರ ಮುಂದಾಳು ಪಕ್ಷಿತಜ್ಞ ಸಲೀಂ ಅಲಿ. ಭಾರತಕ್ಕೆ ಬರುವ ಹಕ್ಕಿಗಳ ವಲಸೆಯ ದಾರಿಗಳ ಬಗ್ಗೆ ಇಂದು ಗೊತ್ತಿರುವ ಎಷ್ಟೋ ವಿಷಯ ತಿಳಿದದ್ದು ಈ ಯೋಜನೆಯಿಂದ. ಸೊರಬದ ಮಂಗಗಳ ಸಾವು ಪಕ್ಷಿಶಾಸ್ತ್ರಕ್ಕೆ ಹೀಗೆ ನೆರವಾದದ್ದು ವಿಚಿತ್ರವಾದರೂ ನಿಜ.

ಆದರೆ ಹಕ್ಕಿಗಳು ರೋಗ ತಂದವು ಎಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ಬದಲಿಗೆ, 1952ರಲ್ಲೇ ಸೌರಾಷ್ಟ್ರ, ಕಛ್ ಪ್ರದೇಶದ ಜನರ ರಕ್ತದಲ್ಲಿ ಇದೇ ಬಳಗದ ವೈರಸ್ಸಿನ ಗುರುತುಗಳು ಸಿಕ್ಕಿದ್ದವು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಇದರ ತೀರ ಹತ್ತಿರದ ಸಂಬಂಧಿ ಪತ್ತೆಯಾಯಿತು. ಕ್ಯಾಸನೂರಿನ ವೈರಸ್ 1957ರಲ್ಲಿ ಎಲ್ಲಿಂದಲೋ ಹಾರಿ ಬಂದದ್ದಲ್ಲ, ಕಾಡಿನೊಳಗೆ ಇಲಿ, ಸುಂಡಿಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಬದುಕಿಕೊಂಡಿತ್ತು ಎಂಬ ವಾದಕ್ಕೆ ಇವು ಬಲ ಕೊಟ್ಟವು.

ಉಣುಗಿನ ವರ್ಷಚಕ್ರ

ನಿಜವಾದ ವಾಹಕ ಉಣುಗು. ದನ, ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಇದನ್ನು ಕೆಲವೆಡೆ ಉಣ್ಣಿ ಎಂದೂ ಕರೆಯುತ್ತಾರೆ. ಉಣುಗುಗಳಲ್ಲಿ ಹಲವು ಜಾತಿಗಳಿದ್ದು, ಈ ರೋಗವನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಜಾತಿ.

ಇದರ ಬದುಕು ಮಲೆನಾಡಿನ ಋತುಗಳಿಗೆ ಹೊಂದಿಕೊಂಡಿದೆ. ಮಳೆಗಾಲದಲ್ಲಿ ಬೆಳೆದ ಉಣುಗು ದನಗಳಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿ, ಕೆಳಗುದುರಿ, ತರಗೆಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ಹಿಂದೆಗೆದ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಮರಿಗಳು ಹೊರಬರುತ್ತವೆ. ಅವು ಇಲಿ, ಹಕ್ಕಿ, ಮಂಗಗಳ ಮೈ ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಗಳಿಗೂ ಬರುತ್ತದೆ. ಒಮ್ಮೆ ರಕ್ತ ಹೀರಿ ಉದುರಿದ ಮರಿ ಪೊರೆ ಕಳಚಿ ಎರಡನೆಯ ಹಂತಕ್ಕೆ ಬೆಳೆಯುತ್ತದೆ. ಡಿಸೆಂಬರಿನಿಂದ ಮೇವರೆಗೆ ಕಾಡಿನ ತುಂಬ ಹರಡಿರುವುದು ಈ ಎರಡನೆಯ ಹಂತದ ಉಣುಗು. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದೂ ಇದೇ. ಗಾತ್ರ ಎಷ್ಟು ಸಣ್ಣದೆಂದರೆ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಮಲೆನಾಡಿಗರಿಗೆ ಕಾಡಿನ ಕೆಲಸ ಹೆಚ್ಚಿರುವುದೂ ಇದೇ ತಿಂಗಳುಗಳಲ್ಲಿ. ಮಳೆಗಾಲಕ್ಕೆ ಸೌದೆ ಕೂಡಿಡಬೇಕು. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಗೊಬ್ಬರ ಮಾಡಲು ತರಗು ಗುಡಿಸಿ ತರಬೇಕು. ಗೇರುಬೀಜ ಹೆಕ್ಕಬೇಕು, ದನ ಮೇಯಿಸಬೇಕು. ತರಗಿನ ಹೊರೆಯೊಂದಿಗೆ ಉಣುಗು ಅಂಗಳಕ್ಕೂ ಬರುತ್ತದೆ. ಹೀಗಾಗಿ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ದುಡಿಯುವ ಜನರನ್ನು: ಕೂಲಿಕಾರರು, ಸಣ್ಣ ರೈತರು, ತರಗು ಸೌದೆ ತರುವ ಹೆಂಗಸರು, ದನಗಾಹಿಗಳು, ಅರಣ್ಯ ಇಲಾಖೆಯ ಕಾವಲುಗಾರರು.

ಮಂಗನ ಪಾತ್ರ ಬರುವುದು ಈ ಚಕ್ರದ ನಡುವೆ. ಸೋಂಕು ತಗುಲಿದ ಮಂಗನ ರಕ್ತದಲ್ಲಿ ವೈರಸ್ ವಿಪರೀತವಾಗಿ ಹೆಚ್ಚುತ್ತದೆ. ಅದರ ಮೈಮೇಲೆ ರಕ್ತ ಹೀರುತ್ತಿರುವ ನೂರಾರು ಮರಿಗಳಿಗೆ ಒಂದೇ ಸಲಕ್ಕೆ ಸೋಂಕು ಹತ್ತುತ್ತದೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅವೆಲ್ಲ ಕೆಳಗಿಳಿದು ಸುತ್ತಲಿನ ತರಗಿನಲ್ಲಿ ಸೇರಿಕೊಳ್ಳುತ್ತವೆ. ಮಂಗ ಬಿದ್ದ ಜಾಗ ಹೀಗೆ ತಿಂಗಳುಗಟ್ಟಲೆ ಅಪಾಯದ ತಾಣವಾಗುತ್ತದೆ. ಆ ಜಾಗದ ಸುತ್ತ ಕೀಟನಾಶಕದ ಪುಡಿ ಉದುರಿಸುವುದು, ಹಳ್ಳಿಯವರನ್ನು ಅತ್ತ ಹೋಗದಂತೆ ತಡೆಯುವುದು ಇದಕ್ಕಾಗಿಯೆ. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತಾಗ ಅವುಗಳ ಕಳೇಬರ ವಿಲೇವಾರಿಯಲ್ಲಿ ತೊಡಗಿದ್ದವರಿಗೇ ಕಾಯಿಲೆ ಬಂದದ್ದು ಈ ಅಪಾಯ ಎಂಥದೆಂದು ತೋರಿಸಿತು.

ಕಾಡು ಕಡಿದಾಗ

ಕಾಡಿನಲ್ಲಿ ಅಡಗಿದ್ದ ವೈರಸ್ 1950ರ ದಶಕದಲ್ಲೇ ಏಕೆ ಎದ್ದು ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಷೆಲ್. ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರದ ಜಾಡು ಹಿಡಿದಿದ್ದ ಅವರು 1960ರ ದಶಕದಲ್ಲಿ ಮಲೆನಾಡಿನ ಈ ರೋಗದ ಅಧ್ಯಯನ ನಡೆಸಿ, 1969ರಲ್ಲಿ ತಮ್ಮ ವಿಚಾರಗಳನ್ನು ಪ್ರಕಟಿಸಿದರು. ಜನಸಂಖ್ಯೆ ಬೆಳೆದು ಕಾಡಿನ ನಡುವೆ ಗದ್ದೆ ತೋಟಗಳು ಬಂದವು. ಅವುಗಳ ಜೊತೆ ದನಗಳೂ ಕಾಡು ಹೊಕ್ಕವು. ದನಗಳ ರಕ್ತದಿಂದ ಉಣುಗಿನ ಸಂತತಿ ಬೇಕಾದಂತೆ ಬೆಳೆಯಿತು. ಹಿಂದೆ ಅಲ್ಲಲ್ಲಿ ಸಣ್ಣದಾಗಿ ಉಳಿದಿದ್ದ ವೈರಸ್ಸಿಗೆ ಹೀಗೆ ಹರಡುವ ದಾರಿ ತೆರೆಯಿತು ಎಂಬುದು ಅವರ ವಾದದ ಸಾರ.

ಈ ವಾದಕ್ಕೆ ಕಹಿಯಾದ ನಿದರ್ಶನವೊಂದು ದಕ್ಷಿಣ ಕನ್ನಡದಲ್ಲಿ ಸಿಕ್ಕಿತು. 1982ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ದಟ್ಟ ಕಾಡನ್ನು ಕಡಿಯಲಾಯಿತು. ಮೊದಲು ಮಂಗಗಳು ಸತ್ತವು, ಬಳಿಕ ಕೆಲಸಗಾರರು ಕಾಯಿಲೆ ಬಿದ್ದರು. 1983ರ ಬೇಸಿಗೆ ಮುಗಿಯುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಈ ರೋಗದ ಇತಿಹಾಸದಲ್ಲಿ ಅಷ್ಟು ದೊಡ್ಡ ಹಾವಳಿಗಳು ವಿರಳ.

ಜ್ವರದ ಲಕ್ಷಣ, ಲಸಿಕೆಯ ಕಥೆ

ಸೋಂಕಿರುವ ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಯೊಂದಿಗೆ ಜ್ವರ ಒಮ್ಮೆಲೆ ಏರುತ್ತದೆ. ತಲೆನೋವು, ಸೊಂಟ ಮತ್ತು ಮಾಂಸಖಂಡಗಳಲ್ಲಿ ಸಹಿಸಲಾಗದ ನೋವು, ಕಣ್ಣು ಕೆಂಪಾಗುವುದು, ವಾಂತಿ ಕಾಣಿಸುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಸುರಿಯುತ್ತದೆ. ಬಹಳಷ್ಟು ಜನ ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ಜ್ವರ ಬಿಟ್ಟಂತಾಗಿ ಮತ್ತೆ ಮರುಕಳಿಸಿ ಮಿದುಳಿಗೆ ತಾಗುತ್ತದೆ. ನೂರು ರೋಗಿಗಳಲ್ಲಿ 3ರಿಂದ 5 ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧ ಇದಕ್ಕಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತಸ್ರಾವಗಳನ್ನು ನೋಡಿಕೊಂಡು ಜೀವ ಉಳಿಸಬಹುದು. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದು ಕಂಡುಬಂದಿಲ್ಲ. ಆದ್ದರಿಂದ ರೋಗಿಯ ಮನೆಯವರನ್ನು ದೂರವಿಡುವುದಕ್ಕೆ ಅರ್ಥವಿಲ್ಲ.

ತಡೆಗಟ್ಟುವ ಲಸಿಕೆಯ ಕಥೆಗೆ ಅರವತ್ತು ವರ್ಷ ಮೀರಿದೆ. ಆರಂಭದ ವರ್ಷಗಳಲ್ಲಿ ರಷ್ಯಾದ ರೋಗಕ್ಕಾಗಿ ತಯಾರಿಸಿದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಲಾಯಿತು, ಉಪಯೋಗವಾಗಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಅದನ್ನು ನಿಷ್ಕ್ರಿಯಗೊಳಿಸಿ ನಮ್ಮದೇ ಲಸಿಕೆ ಸಿದ್ಧವಾಯಿತು. 1990ರ ದಶಕದಿಂದ ಮಲೆನಾಡಿನಲ್ಲಿ ಅದನ್ನು ವ್ಯಾಪಕವಾಗಿ ಹಾಕಲಾಯಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಬಳಿಕ ಬೂಸ್ಟರ್, ಅನಂತರ ಪ್ರತಿ ವರ್ಷ ಇನ್ನೊಂದು. ಚುಚ್ಚಿದ ಜಾಗ ವಿಪರೀತ ನೋಯುತ್ತಿದ್ದುದರಿಂದ ಒಮ್ಮೆ ಹಾಕಿಸಿಕೊಂಡವರು ಮತ್ತೆ ಬರಲು ಹಿಂಜರಿಯುತ್ತಿದ್ದರು.

1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಚುಚ್ಚುಮದ್ದು ಪಡೆದವರಲ್ಲಿ ರಕ್ಷಣೆ ಶೇ 90ನ್ನು ಮೀರಿದೆ ಎಂದಿತ್ತು. 2005ರಿಂದ 2010ರವರೆಗಿನ ಅಂಕಿಅಂಶ ಆಧರಿಸಿದ ಮತ್ತೊಂದು ಅಧ್ಯಯನದಲ್ಲಿ ಅದು ಸುಮಾರು ಶೇ 62ಕ್ಕೆ ಇಳಿದಿತ್ತು. ಬೂಸ್ಟರ್ ಸೇರಿದರೆ ಶೇ 83. ಲಸಿಕೆಯ ಸತ್ವದ ಬಗ್ಗೆ ಪ್ರಶ್ನೆಗಳು ಬೆಳೆದು 2022ರ ಹೊತ್ತಿಗೆ ಅದರ ಬಳಕೆ ನಿಂತಿತು. ಹೊಸ ಲಸಿಕೆ ರೂಪಿಸುವ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯ ಜೊತೆ ಕೈಗೆತ್ತಿಕೊಂಡಿದೆ. ಒಂದು ಲಸಿಕೆ ನಿಂತು ಇನ್ನೊಂದು ಬರುವವರೆಗಿನ ಈ ನಡುವೆ ಜನರ ಕೈಯಲ್ಲಿ ಉಳಿದಿರುವುದು ಎಚ್ಚರಿಕೆ ಮಾತ್ರ.

ಎಲ್ಲೆ ದಾಟಿದ ರೋಗ

ಅರ್ಧ ಶತಮಾನ ಕರ್ನಾಟಕದ ಕೆಲವೇ ಜಿಲ್ಲೆಗಳಿಗೆ ಸೀಮಿತವಾಗಿದ್ದ ಕಾಯಿಲೆ ಈಗ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. ಬಂಡೀಪುರದ ಬೆನ್ನಿಗೆ 2013ರಲ್ಲಿ ಕೇರಳದ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ರೋಗಿಗಳು ಪತ್ತೆಯಾದರು. ಶಿವಮೊಗ್ಗ ಜಿಲ್ಲೆಯನ್ನಂತೂ ಅದು ಬಿಟ್ಟು ಹೋಗಲೇ ಇಲ್ಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಸತ್ತದ್ದು ಜನರ ನೆನಪಿನಿಂದ ಮಾಸಿಲ್ಲ.

ಕಾಡಿಗೆ ಹೋಗಲೇಬೇಕಾದವರು ಮೈ ತುಂಬ ಬಟ್ಟೆ ಧರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಬಿಸಿನೀರು ಸೋಪಿನಿಂದ ಸ್ನಾನ ಮಾಡಬೇಕು. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ದಿನ ದೂಡದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು.

ಹೆಸರು ಇನ್ನು ಬದಲಾಗುವಂತಿಲ್ಲ. ಮಂಗನ ಕಾಯಿಲೆ ಎಂದೇ ಅದು ನಿಂತುಬಿಟ್ಟಿದೆ. ಆದರೆ ಹೆಸರು ಕೇಳಿ ಮಂಗಗಳನ್ನು ಓಡಿಸುವುದರಿಂದ, ಕೊಲ್ಲುವುದರಿಂದ ರೋಗ ಹೋಗುವುದಿಲ್ಲ. ಉಣುಗು ತರಗಿನಲ್ಲೇ ಇರುತ್ತದೆ, ಮುನ್ಸೂಚನೆ ಕೊಡುವ ಪ್ರಾಣಿ ಮಾತ್ರ ಇಲ್ಲವಾಗುತ್ತದೆ. ಸತ್ತ ಮಂಗಕ್ಕೆ ಮಣ್ಣು ಕೊಡುವ ನಂಬಿಕೆಯನ್ನು ಯಾರೂ ಬಿಡಬೇಕಾಗಿಲ್ಲ. ಹೂವು ಏರಿಸಲು ಹತ್ತಿರ ಹೋಗುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಸುದ್ದಿ ಮುಟ್ಟಿಸಿದರೆ ಸಾಕು.