ಹುಲ್ಲು ಕಟ್ಟಿದ ಮಣ್ಣು

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ಸಾಗಿದರೆ ಖಾನಾಪುರ ಸಿಗುತ್ತದೆ. ಆ ಸೀಮೆಯಲ್ಲಿ ಎಲ್ಲಿ ನೋಡಿದರೂ ಬತ್ತದ ಹೊಲಗಳು; ಅವುಗಳ ನಡುವೆ ಹುಲ್ಲು ಬೆಳೆದ ಬದುಗಳು. ಸುಗ್ಗಿ ಮುಗಿದ ಮೇಲೆ ಆ ಕಡೆಗೆ ಹೋದ ವಿದ್ಯಾರ್ಥಿಯು ಒಂದು ಸುಲಭವಾದ ಪ್ರಯೋಗವನ್ನು ಮಾಡಿ ನೋಡಬಹುದು. ಬದುವಿನ ಹುಲ್ಲಿನ ಬುಡದಿಂದ ಒಂದು ಹೆಂಟೆಯನ್ನೂ, ವರ್ಷವರ್ಷವೂ ಉಳುವ ಹೊಲದಿಂದ ಇನ್ನೊಂದನ್ನೂ ತಂದು ನೆರಳಿನಲ್ಲಿ ಒಣಗಿಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲನೆ ಇಳಿಬಿಡಬೇಕು. ಸಾಮಾನ್ಯವಾಗಿ ಹೊಲದ ಹೆಂಟೆಯು ಕೆಲವೇ ನಿಮಿಷಗಳಲ್ಲಿ ಕುಸಿದು ತಳದಲ್ಲಿ ಕೆಸರಾಗುತ್ತದೆ. ಬದುವಿನ ಹೆಂಟೆಯು ಬಹಳ ಹೊತ್ತು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಎರಡೂ ಒಂದೇ ನೆಲದ ಮಣ್ಣು. ಎರಡರ ಮೇಲೂ ಸುರಿದದ್ದು ಒಂದೇ ಮಳೆ. ಹಾಗಿದ್ದರೆ ಈ ಭೇದವು ಎಲ್ಲಿಂದ ಬಂತು?

ಹುಲ್ಲಿನ ಬೇರು ಒಂದೇ ದಪ್ಪ ತಾಯಿಬೇರಲ್ಲ. ಕೂದಲಿನಂತೆ ನವುರಾದ ಅಸಂಖ್ಯಾತ ಎಳೆಗಳ ಗೊಂಚಲು. ಈ ಎಳೆಗಳು ಮಣ್ಣಿನ ಕಣಗಳ ನಡುವೆ ನುಸುಳಿ, ಅವುಗಳನ್ನು ಸಣ್ಣ ಸಣ್ಣ ಹರಳುಗಳಾಗಿ ಹಿಡಿದು ನಿಲ್ಲಿಸುತ್ತವೆ. ಸತ್ತ ಬೇರುಗಳನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳೂ ಶಿಲೀಂಧ್ರಗಳೂ ಒಂದು ಬಗೆಯ ಅಂಟನ್ನು ಸ್ರವಿಸಿ ಆ ಹರಳುಗಳನ್ನು ಬಿಗಿಗೊಳಿಸುತ್ತವೆ. ಹರಳುಗಳ ಸಂದುಗಳಲ್ಲಿ ನೀರೂ ಗಾಳಿಯೂ ಸುಲಭವಾಗಿ ಸಂಚರಿಸುತ್ತವೆ. ನೇಗಿಲು ಈ ಕಟ್ಟಡವನ್ನು ಒಡೆಯುತ್ತದೆ. ಒಳಗೆ ಅಡಗಿದ್ದ ಸಾವಯವ ಪದಾರ್ಥಕ್ಕೆ ಗಾಳಿ ತಾಗಿ, ಸೂಕ್ಷ್ಮಜೀವಿಗಳು ಅದನ್ನು ಬೇಗನೆ ಜೀರ್ಣಿಸಿ ಇಂಗಾಲದ ಡೈಆಕ್ಸೈಡನ್ನಾಗಿ ಹೊರಬಿಡುತ್ತವೆ. ಉಳುಮೆ ವರ್ಷವರ್ಷವೂ ನಡೆದು, ಹೋದದ್ದು ಮರಳಿ ಸೇರದಿದ್ದರೆ, ಮಣ್ಣು ತನ್ನ ಕಟ್ಟನ್ನೇ ಕಳೆದುಕೊಳ್ಳುತ್ತದೆ.

ಹಾಗಾದರೆ ನೇಗಿಲಿಗೆ ಕೆಲವು ವರ್ಷ ಬಿಡುವು ಕೊಟ್ಟರೆ ಹೇಗೆ? ಬ್ರಿಟನ್ನಿನಲ್ಲಿ ಬಳಕೆಗೆ ಬಂದ ‘ಲೇ’ ಬೇಸಾಯದ ತಿರುಳು ಇದೇ. ‘ಲೇ’ ಎಂದರೆ ತಾತ್ಕಾಲಿಕ ಹುಲ್ಲುಗಾವಲು. ಹೊಲದಲ್ಲಿ ಹುಲ್ಲನ್ನೂ ಕ್ಲೋವರ್ ಎಂಬ ದ್ವಿದಳ ಮೇವನ್ನೂ ಕೂಡಿಸಿ ಬಿತ್ತಿ, ಕೆಲವು ವರ್ಷ ದನಕುರಿಗಳನ್ನು ಮೇಯಿಸಿ, ಬಳಿಕ ಅದನ್ನು ಉತ್ತು ಧಾನ್ಯವನ್ನು ಬೆಳೆಯುತ್ತಾರೆ. ವೇಲ್ಸಿನಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ಜಾರ್ಜ್ ಸ್ಟೇಪಲ್ಡನ್ನರು ಈ ಪದ್ಧತಿಯ ದೊಡ್ಡ ಪ್ರತಿಪಾದಕರಾಗಿದ್ದರು. ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿ 1938ರಲ್ಲಿ ಮೊದಲಾದ ಪ್ರಯೋಗದಲ್ಲಿ 3 ವರ್ಷ ಹುಲ್ಲುಗಾವಲು, 2 ವರ್ಷ ಧಾನ್ಯ ಮುಂತಾದ ಬೆಳೆ, ಹೀಗೆ ಸರದಿ ನಡೆಸಿದರು. ಅಲ್ಲಿಯ ಮರಳುಮಣ್ಣಿನಲ್ಲಿ ಸಾವಯವ ಪದಾರ್ಥವು ಸದಾ ಉಳುವ ಹೊಲಕ್ಕಿಂತ ಹೆಚ್ಚಾಗಿ ಉಳಿಯಿತು; ಆದರೆ ಈ ಗಳಿಕೆ ಬಹು ನಿಧಾನವಾದುದು.

ಹುಲ್ಲಿನ ಜೊತೆಗೆ ದ್ವಿದಳ ಸಸ್ಯವೇಕೆ? ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂಬುದನ್ನು ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು 1888ರಲ್ಲಿ ಸಾಧಿಸಿ ತೋರಿಸಿದರು. ಬರಿಯ ಹುಲ್ಲಿನ ಬೇರುಗಳಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ತಾವೇ ಬಳಸಿಕೊಳ್ಳುವುದರಿಂದ ಮುಂದಿನ ಬೆಳೆಯು ಕೆಲಕಾಲ ಹಸಿವಿನಿಂದ ಬಳಲಬಹುದು. ದ್ವಿದಳವು ಆ ಕೊರತೆಯನ್ನು ನೀಗಿಸುತ್ತದೆ.

ಈಗ ನಾವು ಖಾನಾಪುರಕ್ಕೆ ಮರಳೋಣ. ಮಲಪ್ರಭೆ ಹುಟ್ಟುವ ಕಣಕುಂಬಿಯು ಈ ತಾಲೂಕಿನಲ್ಲಿಯೇ ಇದೆ. ಸಹ್ಯಾದ್ರಿಯ ಆ ಅಂಚಿನಲ್ಲಿ ಮಳೆ ಧಾರಾಕಾರವಾಗಿ ಸುರಿದು, ಸಸ್ಯಗಳ ಪೋಷಕಾಂಶಗಳನ್ನು ತೊಳೆದೊಯ್ಯುತ್ತದೆ. ಮೇಲಾಗಿ ಈ ಸೀಮೆಯಲ್ಲಿ ಮುಂಗಾರಿಗೆ ಮುನ್ನವೇ ಕೂರಿಗೆಯಿಂದ ಬತ್ತವನ್ನು ಬಿತ್ತುವ ರೂಢಿಯುಂಟು. ಕೆಸರುಗದ್ದೆಯ ನಾಟಿಯಲ್ಲಿ ಮಣ್ಣಿನ ಹರಳುಗಳನ್ನು ನಾವೇ ಬೇಕೆಂದು ಒಡೆಯುತ್ತೇವೆ. ಕೂರಿಗೆಯ ಬಿತ್ತನೆಯಲ್ಲಾದರೋ ಹರಳು ಮಣ್ಣು ಅಗತ್ಯ. ಕಟ್ಟಿಲ್ಲದ ಮಣ್ಣು ಮೊದಲ ಜೋರು ಮಳೆಗೆ ಕಲಸಿ, ಒಣಗಿದಾಗ ಹೆಪ್ಪುಗಟ್ಟಿ, ಮೊಳಕೆಯ ತಲೆಯನ್ನು ಅದುಮುತ್ತದೆ.

ಹಿಂದೆ ಕಾಡಂಚಿನ ಕುಮರಿ ಬೇಸಾಯದಲ್ಲಿ ನೆಲಕ್ಕೆ ವರ್ಷಗಟ್ಟಲೆ ಬಿಡುವು ದೊರೆಯುತ್ತಿತ್ತು. ಒಂದೆರಡು ಎಕರೆಯಿಂದಲೇ ಸಂಸಾರ ಸಾಗಿಸಬೇಕಾದ ರೈತನಿಗೆ ‘ಮೂರು ವರ್ಷ ಹುಲ್ಲು ಬೆಳೆ’ ಎಂದರೆ ‘ಮೂರು ವರ್ಷ ಉಪವಾಸವಿರು’ ಎಂದಂತೆಯೇ ಸರಿ. ಆದುದರಿಂದ ಇಲ್ಲಿಯ ಜನರು ಲೇ ಬೇಸಾಯದ ಗುಣಗಳನ್ನು ಬಿಡಿಬಿಡಿಯಾಗಿ ಪಡೆದುಕೊಂಡಿದ್ದಾರೆ. ಬತ್ತದ ಕೊಯ್ಲಿನ ಬಳಿಕ ನೆಲದಲ್ಲುಳಿದ ಹಸಿಯಲ್ಲಿಯೇ ಮಸೂರ, ಕಡಲೆಗಳನ್ನು ಬೆಳೆಯುವುದು ಒಂದು. ಬೆಳಗಾವಿಯ ಸುತ್ತಲಿನ ಹೊಲಗಳಲ್ಲಿಯೂ ಇದನ್ನು ಕಾಣಬಹುದು. ಕಾಳಿನೊಡನೆ ಸಾರಜನಕದ ಬಹುಭಾಗ ಮನೆ ಸೇರಿದರೂ ಬೇರು, ಉದುರಿದ ಎಲೆಗಳು ಹೊಲದಲ್ಲಿ ಉಳಿಯುತ್ತವೆ. ಜಿಲ್ಲೆಯ ಪೂರ್ವದ ಬಯಲಿನಿಂದ ಬರುವ ಕುರುಬರ ಕುರಿಗಳನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುವುದು ಇನ್ನೊಂದು. ಇದಕ್ಕೆ ರೈತರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ತಿಪ್ಪೆಗೆ ಸೇರದೆ ವ್ಯರ್ಥವಾಗುವ ಮೂತ್ರವು ಇಲ್ಲಿ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಕೂಡಲೇ ಉತ್ತು ಮುಚ್ಚಿದರೆ ಅದರ ಸಾರಜನಕವು ಅಮೋನಿಯವಾಗಿ ಹಾರಿಹೋಗುವುದು ಕಡಿಮೆಯಾಗುತ್ತದೆ.

ಆದರೆ ಬೇಸಗೆಯಲ್ಲಿಯೂ ಕಬ್ಬು ನಿಂತ ಹೊಲದಲ್ಲಿ ಮಸೂರಕ್ಕೂ ಎಡೆಯಿಲ್ಲ, ಕುರಿಗೂ ಎಡೆಯಿಲ್ಲ. ಇವೆರಡೂ ಇದ್ದಲ್ಲಿಯೂ ಹುಲ್ಲಿನ ಬೇರು ವರ್ಷಗಟ್ಟಲೆ ಮಾಡುವ ಕೆಲಸವನ್ನು ಪೂರ್ತಿಯಾಗಿ ಮಾಡಲಾರವು. ಹಾಗಾದರೆ ಸಣ್ಣ ರೈತನಿಗೆ ದಾರಿಯೇನು? ಹೊಲವನ್ನೆಲ್ಲ ಬಿಡಬೇಕಾಗಿಲ್ಲ. ಎತ್ತರದ ಬೆದ್ದಲು ನೆಲವಿದ್ದವರು ಅದರ ನಾಲ್ಕನೆಯ ಒಂದು ಪಾಲಿನಲ್ಲಿ ಹುಲ್ಲನ್ನೂ ಸ್ಟೈಲೋ ಎಂಬ ದ್ವಿದಳ ಮೇವನ್ನೂ ಬೆಳೆದು, ಕೆಲವು ವರ್ಷಗಳ ಬಳಿಕ ಆ ಪಾಲನ್ನು ಉತ್ತು ಮತ್ತೊಂದು ಪಾಲಿಗೆ ಬಿಡುವು ಕೊಡಬಹುದು. ಮೇವಿನ ಬೆಳೆಗಳ ಸಂಶೋಧನೆಗೆಂದೇ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಸಮೀಪದ ಧಾರವಾಡದಲ್ಲಿದೆ. ಹಾಲಿಗೆ ಬೆಳಗಾವಿ ನಗರದ ಪೇಟೆಯೂ ದೂರವಲ್ಲ. ಮೇವು ಹಾಲಾಗಿ ಹಣ ತಂದರೆ ಮಾತ್ರ ಹುಲ್ಲಿನ ವರ್ಷವು ಉಪವಾಸದ ವರ್ಷವಾಗದು. ಹಸು ಎಮ್ಮೆಗಳಿಲ್ಲದ, ಮೇವಿಗೆ ಬೆಲೆ ಸಿಗದ ಕಡೆ ಈ ಉಪದೇಶವನ್ನು ಮಾಡುವುದು ನ್ಯಾಯವಲ್ಲ.

ಇಂತಹ ಪಾಲನ್ನು ಬಿಟ್ಟವರು ಉಳುವ ಮುನ್ನ ಅಲ್ಲಿಯ ಒಂದು ಹೆಂಟೆಯನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು ನೋಡಲಿ. ಅದು ಬದುವಿನ ಹೆಂಟೆಯಂತೆ ನಿಂತರೆ ಹುಲ್ಲು ತನ್ನ ಕೆಲಸವನ್ನು ಮಾಡಿದೆಯೆಂದು ತಿಳಿಯಬಹುದು. ಕರಗಿದರೆ ಆ ನೆಲಕ್ಕೆ ಇನ್ನೂ ಒಂದು ವರ್ಷದ ಬಿಡುವು ಬೇಕು.