ಇಪ್ಪತ್ತನಾಲ್ಕು ಕಡ್ಡಿಪೆಟ್ಟಿಗೆಗಳು

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಆದಿತ್ಯವಾರಗಳ ಅವಧಿಗೆ ಆಗಮನಕಾಲವೆಂದು ಹೆಸರು. ಆ ದಿನಗಳನ್ನೆಣಿಸಲು ಮಕ್ಕಳಿಗಾಗಿ ಒಂದು ಕ್ಯಾಲೆಂಡರು ಮಾಡುವುದುಂಟು. ದಿನಕ್ಕೊಂದು ಬಾಗಿಲು, ತೆರೆದರೆ ಒಳಗೆ ಚಿತ್ರ, ವಾಕ್ಯ ಇಲ್ಲವೆ ಸಿಹಿ. ಮೊದಲ ಆದಿತ್ಯವಾರವು ನವೆಂಬರ 27ರಿಂದ ಡಿಸೆಂಬರ 3ರ ಒಳಗೆ ಎಂದಾದರೂ ಬೀಳಬಹುದಾದುದರಿಂದ, ಲೆಕ್ಕಕ್ಕೆ ಸುಲಭವೆಂದು ಸಾಮಾನ್ಯವಾಗಿ ಡಿಸೆಂಬರ 1ರಿಂದ 24ರವರೆಗೆ ಎಣಿಸುತ್ತಾರೆ.

ಪದ್ಧತಿ ಹುಟ್ಟಿದ್ದು ಜರ್ಮನಿಯಲ್ಲಿ. ಹಿಂದೆ ಅಲ್ಲಿ ಕೆಲವು ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಿಂದ 24 ಗೀರು ಎಳೆದು ದಿನಕ್ಕೊಂದರಂತೆ ಅಳಿಸುತ್ತಿದ್ದರು. ಗೆರ್ಹಾರ್ಡ್ ಲಾಂಗ್ ಎಂಬ ಪಾದ್ರಿಯ ಮಗನಿಗೆ ತಾಯಿ ರಟ್ಟಿನ ಮೇಲೆ 24 ಬಿಸ್ಕೀಟು ಹೊಲಿದು ಕೊಡುತ್ತಿದ್ದಳಂತೆ. ಅವನೇ ದೊಡ್ಡವನಾಗಿ, 20ನೆಯ ಶತಮಾನದ ಆರಂಭದಲ್ಲಿ, ಮ್ಯೂನಿಕ್ ನಗರದಲ್ಲಿ ಇಂಥ ಕ್ಯಾಲೆಂಡರುಗಳನ್ನು ಅಚ್ಚು ಹಾಕಿಸಿದನು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಸಾಹೇಬರೂ ಲಾಂಗನ ಸೀಮೆಯಾದ ವುರ್ಟೆಂಬರ್ಗಿನವರೇ.

ಮಾಡುವುದು ಕಷ್ಟವಲ್ಲ. 24 ಖಾಲಿ ಕಡ್ಡಿಪೆಟ್ಟಿಗೆಗಳಿಗೆ ಮೈದಾಹಿಟ್ಟಿನ ಅಂಟಿನಿಂದ ಬಣ್ಣದ ಕಾಗದ ಸುತ್ತಿ, ರಟ್ಟಿನ ಮೇಲೆ ಸಾಲಾಗಿ ಅಂಟಿಸಿ, ಅಂಕಿ ಬರೆದು, ಒಳಗೆ ಚೀಟಿ ಇಡಿರಿ. ಸಿಹಿಯನ್ನು ಮಾತ್ರ ಮೊದಲೇ ಇಡಬೇಡಿರಿ. ಇರುವೆಗಳಿಗೆ ತಾರೀಖಿನ ಲೆಕ್ಕವಿಲ್ಲ! ಆಯಾ ದಿನ ಸಂಜೆ ಶೇಂಗಾಚಿಕ್ಕಿಯ ಚೂರೊಂದನ್ನು ಇಟ್ಟರಾಯಿತು.

ತೊಡಕಿರುವುದು ಸಭೆಯವರೆಲ್ಲ ಕೂಡಿ ಮಾಡುವಾಗ. ನಾಸಿಕದ ಸಾತಪೂರ, ಅಂಬಡಗಳಲ್ಲಾಗಲಿ, ಸಂಭಾಜಿನಗರದ ವಾಳೂಜದಲ್ಲಾಗಲಿ ಕನ್ನಡ ಕ್ರೈಸ್ತ ಮನೆಗಳು ಅಲ್ಲೊಂದು ಇಲ್ಲೊಂದು. ಚರ್ಚಿನಲ್ಲಿ ತೂಗುಹಾಕಿದರೆ ವಾರಕ್ಕೊಮ್ಮೆ ಕಾಣುವುದು, ಅಷ್ಟೆ. ಜರ್ಮನಿ, ಸ್ವಿಟ್ಜರ್ಲೆಂಡುಗಳ ಕೆಲವು ಹಳ್ಳಿಗಳಲ್ಲಿ ಸಂಜೆಗೊಂದು ಮನೆಯ ಕಿಟಕಿಯನ್ನು ಸಿಂಗರಿಸಿ ದೀಪ ಹಚ್ಚುತ್ತಾರೆ. ಊರವರು ಅಲ್ಲಿಗೆ ಹೋಗುತ್ತಾರೆ. ಅದರಂತೆ ನಾವು ರಟ್ಟನ್ನೇ ಮನೆಯಿಂದ ಮನೆಗೆ ಒಯ್ಯುತ್ತೇವೆ. ಯಾರ ದಿನವೋ ಅವರೇ ಆ ದಿನದ ಚೀಟಿ ಬರೆಯತಕ್ಕದ್ದು.

ದಿನ ಹಂಚುವಾಗ ಪಾಳಿಯನ್ನು ನೋಡಿಕೊಳ್ಳಿರಿ. ಗಿರಣಿಯಲ್ಲಿ ಹಾಜರಿಪಟ್ಟಿ ಬರೆಯುವ ನಾನೇ ಮೊದಲ ವರ್ಷ ಇದನ್ನು ಮರೆತೆ. 9ನೆಯ ದಿನದ ಮನೆಯ ಯಜಮಾನರಿಗೆ ಎರಡನೆಯ ಪಾಳಿ. ಅವರು ಬರೆದಿಟ್ಟ ಚೀಟಿ ಕನ್ನಡದಲ್ಲಿತ್ತು. ಮರಾಠಿ ಶಾಲೆಗೆ ಹೋಗುವ ಮಗಳಿಗೆ ಅದು ಓದಲು ಬಾರದು. ನಾನು ಓದುತ್ತೇನೆಂದರೆ, "ಬೇಡ ಕಾಕಾ, ಅಪ್ಪ ಬರಲಿ" ಎಂದಳು. ನಾವು ಚಹಾ ಕುಡಿದು ಎದ್ದೆವು. ಅಪ್ಪ ಮನೆ ಮುಟ್ಟಿದಾಗ ರಾತ್ರಿ ಹನ್ನೆರಡು. ಮಗಳು ರಟ್ಟಿನ ಪಕ್ಕದಲ್ಲೇ ನಿದ್ದೆಹೋಗಿದ್ದಳಂತೆ.

ಮರುವರ್ಷದಿಂದ ಎಲ್ಲರ ಪಾಳಿ ಕೇಳಿಕೊಂಡೇ ದಿನ ಹಂಚುತ್ತೇವೆ. ರಾತ್ರಿಪಾಳಿಯವರ ಪೆಟ್ಟಿಗೆ ಬೆಳಿಗ್ಗೆ ಅವರು ಬಂದ ಮೇಲೆಯೇ ತೆರೆಯುವುದು. ಕನ್ನಡ ವಾಕ್ಯದ ಕೆಳಗೆ ಅದನ್ನೇ ಬಾಳಬೋಧ ಲಿಪಿಯಲ್ಲಿಯೂ ಬರೆಯುತ್ತೇವೆ. ಮಕ್ಕಳು ಎರಡನ್ನೂ ಹೋಲಿಸಿ ಅಕ್ಷರ ಗುರುತಿಸುತ್ತಾರೆ.

ಖಾಲಿ ಕಡ್ಡಿಪೆಟ್ಟಿಗೆ ಇದ್ದವರು ವಾಚನಾಲಯದಲ್ಲಿ ತಂದಿಡಬೇಕಾಗಿ ವಿನಂತಿ. ಒಳಗೆ ಕಡ್ಡಿ ಉಳಿದಿಲ್ಲವೆಂದು ನೋಡಿ ಕೊಡಿರಿ.