ಆಷಾಢದಲ್ಲಿ ತೆರೆದ ಬಾಗಿಲು

"ಆಷಾಢದಲ್ಲಿ ಯಾರಾದರೂ ಹೊಸ ಮನೆ ಹೊಗುತ್ತಾರೆಯೇ?" ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮೆಲ್ಬರ್ನ್‌ನ ಆಗ್ನೇಯ ಅಂಚಿನಲ್ಲಿರುವ ಕ್ಲೈಡ್ ನಾರ್ತ್‌ನಲ್ಲಿ ನಾವು ಕೊಂಡ ಮನೆಯ ಸೆಟಲ್‌ಮೆಂಟ್, ಎಂದರೆ ಪೂರ್ಣ ಹಣ ಸಂದಾಯವಾಗಿ ಬೀಗದ ಕೈ ನಮ್ಮದಾಗುವ ದಿನ, ಜುಲೈ ಮೊದಲ ವಾರಕ್ಕೆ ನಿಗದಿಯಾಗಿತ್ತು. ಪಂಚಾಂಗ ನೋಡಿ ಅದನ್ನು ಮುಂದೂಡಿದರೆ ದಂಡದ ಬಡ್ಡಿ ತೆರಬೇಕು. ಸಿಡ್ನಿಯ ಬಾಡಿಗೆ ಮನೆ ಬಿಡುವುದಾಗಿ ಬರೆದುಕೊಟ್ಟಾಗಿತ್ತು. ಮಗಳ ಶಾಲೆಗೆ ಚಳಿಗಾಲದ ಎರಡು ವಾರದ ರಜೆಯೂ ಆಗಲೇ. "ನಿನಗೆ ತಿಳಿದಂತೆ ಮಾಡು" ಎಂದು ಅಮ್ಮ ಫೋನು ಇಟ್ಟಳು. ಆ ಮಾತು ಒಪ್ಪಿಗೆಯಲ್ಲವೆಂಬುದು ಮಕ್ಕಳಾದವರಿಗೆಲ್ಲ ಗೊತ್ತು.

ಸಿಡ್ನಿಯ ಪಶ್ಚಿಮದ ಟೂಂಗಾಬಿಯಲ್ಲಿ ನಾವು ಹನ್ನೊಂದು ವರ್ಷ ಇದ್ದೆವು. ಕನ್ನಡ ಮಾತನಾಡುವ ನೆರೆಹೊರೆ, ನಡೆದೇ ಹೋಗುವಷ್ಟು ಹತ್ತಿರದ ರೈಲು ನಿಲ್ದಾಣ, ದಿನಸಿ ಅಂಗಡಿ, ಎಲ್ಲವೂ ಇದ್ದವು. ಸ್ವಂತ ಮನೆಯೊಂದು ಮಾತ್ರ ಕೈಗೆಟುಕಲಿಲ್ಲ. ನಾವು ಹೊಂದಿಸಬಹುದಾದ ಸಾಲಕ್ಕೆ ಕ್ಲೈಡ್ ನಾರ್ತ್‌ನಲ್ಲಿ ಅಂಗಳವುಳ್ಳ ಮನೆ ದೊರೆಯಿತು. ಹಿಂದೆ ಹೊಲ, ಹುಲ್ಲುಗಾವಲುಗಳಿದ್ದ ಈ ಬಡಾವಣೆ ಕೇಸಿ ನಗರಾಡಳಿತಕ್ಕೆ ಸೇರಿದ್ದು. ನಗರದ ನಡುಭಾಗಕ್ಕೆ ಸುಮಾರು 50 ಕಿ.ಮೀ.; ಇಲ್ಲಿ ರೈಲು ನಿಲ್ದಾಣವಿಲ್ಲ, ಬೆರ್ವಿಕ್‌ಗೋ ಕ್ರ್ಯಾನ್‌ಬರ್ನ್‌ಗೋ ಹೋಗಬೇಕು. ಆಸ್ಟ್ರೇಲಿಯಾಕ್ಕೆ ಬರಬೇಕೆನ್ನುವವರು ಇದನ್ನು ತಿಳಿದಿರುವುದು ಒಳ್ಳೆಯದು: ವಿಮಾನ ಇಳಿದ ಊರೇ ನೆಲೆನಿಲ್ಲುವ ಊರಾಗಬೇಕೆಂದಿಲ್ಲ. ರಾಜ್ಯ ಬದಲಾದರೆ ಚಾಲನಾ ಪರವಾನಗಿ, ಕಾರಿನ ನೋಂದಣಿ, ಶಾಲೆ ಎಲ್ಲವೂ ಹೊಸದಾಗಿ ಆಗಬೇಕು. ಇದು ಎರಡನೆಯ ವಲಸೆ. ಬೀಳ್ಕೊಡಲು ಮಾತ್ರ ಯಾರೂ ವಿಮಾನ ನಿಲ್ದಾಣಕ್ಕೆ ಬರುವುದಿಲ್ಲ.

ಸಾಮಾನೆಲ್ಲ ಲಾರಿಗೆ ಏರಿತು. ದೇವರ ಪೆಟ್ಟಿಗೆ, ಹೊದಿಕೆಗಳು, ಹಾಲು ಉಕ್ಕಿಸುವ ಪಾತ್ರೆ ಕಾರಿಗೆ ಬಂದವು. ಕುಂಡದಲ್ಲಿ ಎದೆಯೆತ್ತರ ಬೆಳೆದಿದ್ದ ಕರಿಬೇವನ್ನು ನನ್ನ ಹೆಂಡತಿ ಪಕ್ಕದ ಮನೆಯವರಿಗೆ ಕೊಟ್ಟಳು. ಮೆಲ್ಬರ್ನ್‌ನ ಚಳಿಗೆ ಅದು ಬದುಕಲಾರದೆಂಬ ಭಯ. ಕಾರು ಹೊರಟ ಮೇಲೆ ಬಹಳ ಹೊತ್ತು ಅವಳು ಮಾತನಾಡಲಿಲ್ಲ.

ಸಿಡ್ನಿ-ಮೆಲ್ಬರ್ನ್ ನಡುವಿನ ಹ್ಯೂಮ್ ಹೆದ್ದಾರಿ 1824ರಲ್ಲಿ ಈ ದಿಕ್ಕಿನಲ್ಲಿ ನಡೆದುಹೋದ ಅನ್ವೇಷಕ ಹ್ಯಾಮಿಲ್ಟನ್ ಹ್ಯೂಮ್‌ನ ಹೆಸರನ್ನು ಹೊತ್ತಿದೆ. 2013ರಿಂದ ಇದು ಉದ್ದಕ್ಕೂ ಜೋಡಿ ರಸ್ತೆ. ನಮ್ಮದು ಸುಮಾರು 900 ಕಿ.ಮೀ. ದಾರಿ, ಎರಡು ದಿನಕ್ಕೆ ಹಂಚಿಕೊಂಡೆವು. ಎರಡು ಗಂಟೆಗೊಮ್ಮೆ ನಿಂತೆವು. ಗೋಲ್ಬರ್ನ್‌ನಲ್ಲಿ 15 ಮೀಟರ್ ಎತ್ತರದ ಕಾಂಕ್ರೀಟ್ ಟಗರನ್ನು ಕಂಡು ನಕ್ಕ ಮಗಳು, ಹೋಲ್‌ಬ್ರೂಕ್ ಎಂಬ ಪುಟ್ಟ ಊರಿನ ಹುಲ್ಲಿನ ಮೇಲೆ ನಿಂತಿರುವ ಜಲಾಂತರ್ಗಾಮಿಯನ್ನು ಕಂಡು, "ಸಮುದ್ರವೇ ಇಲ್ಲದ ಕಡೆ ಇದು ಹೇಗೆ ಬಂತು?" ಎಂದಳು. ನಮ್ಮ ಹಾಗೆಯೇ ಎನ್ನಬೇಕೆನಿಸಿತು, ಹೇಳಲಿಲ್ಲ.

ಚಳಿಗಾಲದಲ್ಲಿ ಐದು ಗಂಟೆ ದಾಟಿದರೆ ಕತ್ತಲು. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ನುಗ್ಗುವುದರಿಂದ ಬೆಳಕಿರುವಾಗಲೇ ಆಲ್ಬರಿ ಸೇರಿ ತಂಗಿದೆವು. ಬೆಳಗ್ಗೆ ಕಾರಿನ ಗಾಜಿನ ಮೇಲೆ ಹಿಮದ ಪದರ, ಹೊರಗೆ ಹತ್ತು ಮಾರು ಕಾಣದ ಮಂಜು. ಅದು ಕರಗುವವರೆಗೆ ಕಾದು ಮರ್ರೆ ನದಿಯನ್ನು ದಾಟಿದೆವು. ಆಚೆ ದಡದಿಂದ ವಿಕ್ಟೋರಿಯಾ ರಾಜ್ಯ. ತುಂಗೆಯ ಸೇತುವೆ ದಾಟುವಾಗ ಅಮ್ಮ ನದಿಗೆ ಕೈಮುಗಿಯುತ್ತಿದ್ದುದು ನೆನಪಾಯಿತು. ಉಳಿದ 300ಕ್ಕೂ ಹೆಚ್ಚು ಕಿ.ಮೀ. ದಾರಿಯುದ್ದಕ್ಕೂ ಅಮ್ಮನ ಆ ಮಾತೇ ಮನಸ್ಸಿನಲ್ಲಿತ್ತು.

ಕ್ಲೈಡ್ ನಾರ್ತ್ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಬೆರ್ವಿಕ್‌ನ ಗೆಳೆಯ ಬೀಗದ ಕೈ ಹಾಗೂ ಹಾಲು ಹಿಡಿದು ಬಾಗಿಲಲ್ಲಿ ಕಾದಿದ್ದ. ಖಾಲಿ ಮನೆಯೊಳಗೆ ಹೊರಗಿಗಿಂತ ಹೆಚ್ಚು ಚಳಿ. ಮಾತನಾಡಿದರೆ ಬಾಯಿಂದ ಹಬೆ. ವಿದ್ಯುತ್ ಒಲೆಯ ಮೇಲೆ ಪಾತ್ರೆಯಿಟ್ಟು, ಬಲಗಾಲನ್ನು ಮೊದಲಿಟ್ಟು ಒಳಗೆ ಬಂದಿದ್ದೇವೆಂದು ಹೇಳಲಾದರೂ ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ತೀರ್ಥಹಳ್ಳಿಯಲ್ಲಿ ಮಧ್ಯಾಹ್ನ. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಅವಳ ದನಿ ಅರ್ಧ ಮುಳುಗಿತ್ತು. ಹಾಲು ಉಕ್ಕುವವರೆಗೂ ಅವಳು ಸುಮ್ಮನೆ ನೋಡುತ್ತಿದ್ದಳು.

"ನಮ್ಮಲ್ಲಿ ಆಷಾಢವೆಂದರೆ ಹೊರಗೆ ಕಾಲಿಡಲಾಗದ ಮಳೆ. ನಿಮ್ಮಲ್ಲಿ ಕಾಲವೇ ತಿರುಗುಮುರುಗು, ಯಾವ ಲೆಕ್ಕ ಹಿಡಿಯಲಿ ಮಗಾ? ಈ ಚಳಿಯಲ್ಲಿ ಮಗುವನ್ನು ಹೊರಗೆ ಮಲಗಿಸಲಾದೀತೆ? ದೀಪ ಹಚ್ಚಿ, ಇವತ್ತು ಅಲ್ಲೇ ಮಲಗಿ. ಗೃಹಪ್ರವೇಶದ ಹೋಮ ಶ್ರಾವಣದಲ್ಲಾಗಲಿ" ಎಂದಳು.

ಹನ್ನೊಂದು ವರ್ಷಗಳಲ್ಲಿ ಎಷ್ಟು ಕರೆದರೂ ಬಾಡಿಗೆ ಮನೆಗೆ ಬರಲೊಪ್ಪದಿದ್ದ ಅಮ್ಮ, ಕರೆ ಮುಗಿಸುವ ಮೊದಲು ಮತ್ತೊಂದು ಮಾತು ಕೇಳಿದಳು: "ನಾನು ಬರುವುದಾದರೆ ಎಷ್ಟು ಕಂಬಳಿ ತರಬೇಕು?"